ಮಧ್ಯರೇಖೆ ಎಲ್ಲಿ ಹಾಯುತ್ತದೆ: ಒಂದು ಮಿದುಳಿನ ಚಿತ್ರವನ್ನು ಎರಡು ಮಾಡಿದ ಪ್ರಕರಣ

ಕೇಳಲು ಕೆಲಸ ತೀರ ಚಿಕ್ಕದು. ಒಬ್ಬ ಆರೋಗ್ಯವಂತ ಸ್ವಯಂಸೇವಕರ ಮಿದುಳಿನ ಎಂಆರ್‌ಐ ಚಿತ್ರ, ಹೆಸರು ಗುರುತು ಅಳಿಸಿ ಕೊಟ್ಟದ್ದು. ಅದರಲ್ಲಿ ಎಡ ಗೋಳಾರ್ಧಕ್ಕೊಂದು, ಬಲ ಗೋಳಾರ್ಧಕ್ಕೊಂದು ಮಾಸ್ಕ್ ಮಾಡಿ ಎರಡರ ಗಾತ್ರ ಹೇಳಬೇಕು. ಕೇಳಿದವರು ನರರೋಗ ತಜ್ಞೆ. "ಮಧ್ಯೆ ಒಂದು ಗೆರೆ ಎಳೆದರೆ ಆಯ್ತಲ್ಲ? ಅರ್ಧ ಗಂಟೆ ಹಿಡಿಯಬಹುದು" ಎಂದರು. ನಾನೂ ಹಾಗೇ ಎಣಿಸಿ "ಸಂಜೆಯೊಳಗೆ ಕಳಿಸ್ತೀನಿ ಮೇಡಂ" ಎಂದೆ. ಕಳಿಸಿದ್ದು 16ನೇ ದಿನ. ನಡುವಿನ ದಿನಗಳಲ್ಲಿ ಏನಾಯಿತು, ಎಲ್ಲಿ ಎಡವಿದೆ, ಯಾವ ತೀರ್ಮಾನವನ್ನು ಯಾಕೆ ತೆಗೆದುಕೊಂಡೆ ಎಂಬುದರ ಪೂರ್ತಿ ವಿವರ ಇಲ್ಲಿದೆ.

ಮೊದಲು ಚಿತ್ರದ ಬಗ್ಗೆ. ಅದು ಟಿ1 ಬಗೆಯದು. ಇದರಲ್ಲಿ ಮಿದುಳಿನ ಬಿಳಿ ಭಾಗ ಬೆಳ್ಳಗೆ, ಹೊರಪದರದ ಬೂದು ಭಾಗ ಬೂದಾಗಿ, ಸಂದಿಗೊಂದಿಗಳಲ್ಲಿ ನಿಂತಿರುವ ಮಿದುಳು ದ್ರವ ಕಪ್ಪಗೆ ಕಾಣುತ್ತದೆ. ಅಳತೆ 176 × 256 × 256 ವಾಕ್ಸೆಲ್. ಒಂದೊಂದು ವಾಕ್ಸೆಲ್ 1 ಮಿಲಿಮೀಟರಿನ ಘನ. ಒಟ್ಟು 1 ಕೋಟಿ 15 ಲಕ್ಷಕ್ಕೂ ಹೆಚ್ಚು ಪುಟ್ಟ ಘನಗಳು. 1000 ವಾಕ್ಸೆಲ್ ಸೇರಿದರೆ 1 ಮಿಲಿಲೀಟರ್, ಹಾಗಾಗಿ ಲೆಕ್ಕ ಸಲೀಸು. ಮಾಸ್ಕ್ ಎಂದರೆ ಇದೇ ಅಳತೆಯ ಇನ್ನೊಂದು ಚಿತ್ರ. ಬೇಕಾದ ಕಡೆ 1, ಬೇಡದ ಕಡೆ 0. ಮೂಲ ಚಿತ್ರವನ್ನು ಅದರಿಂದ ಗುಣಿಸಿದರೆ ಬೇಕಾದ ಭಾಗವಷ್ಟೇ ಉಳಿದು ಮಿಕ್ಕದ್ದೆಲ್ಲ ಕಪ್ಪಾಗುತ್ತದೆ. ಮಾಸ್ಕ್‌ನಲ್ಲಿರುವ 1ಗಳನ್ನು ಎಣಿಸಿದರೆ ಗಾತ್ರ ಸಿಕ್ಕಿತು.

ಇಷ್ಟು ಸುಲಭದ ಕೆಲಸಕ್ಕೆ 16 ದಿನ ಯಾಕೆ ಬೇಕಾಯಿತು? ಹುಡುಕುತ್ತಿದ್ದ ವ್ಯತ್ಯಾಸವೇ ಬಲು ಸಣ್ಣದು, ಅದಕ್ಕೆ. ಎಡ ಬಲಗಳ ನಡುವಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಎಡದಿಂದ ಬಲವನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ ಹೇಳುತ್ತಾರೆ. ಕೆಲವು ಪುಟ್ಟ ಜಾಗಗಳಲ್ಲಿ ಅದು ಕಣ್ಣಿಗೇ ಕಾಣುವಷ್ಟು ದೊಡ್ಡದು. 1968ರಲ್ಲಿ ಗೆಶ್ವಿಂಡ್ ಮತ್ತು ಲೆವಿಟ್ಸ್ಕಿ 100 ಮಿದುಳುಗಳನ್ನು ಕೊಯ್ದು ನೋಡಿದಾಗ, ಮಾತಿಗೆ ಸಂಬಂಧಿಸಿದ ಪ್ಲೇನಂ ಟೆಂಪೊರಾಲೆ ಎಂಬ ಜಾಗ 65ರಲ್ಲಿ ಎಡಕ್ಕೆ ದೊಡ್ಡದಿತ್ತು, 11ರಲ್ಲಿ ಮಾತ್ರ ಬಲಕ್ಕೆ. ಆದರೆ ಇಡೀ ಗೋಳಾರ್ಧವನ್ನು ತೆಗೆದುಕೊಂಡರೆ ಎರಡೂ ಹೆಚ್ಚು ಕಡಿಮೆ ಸಮ. ಒಂದೊಂದು ಸುಮಾರು 500 ಮಿಲಿಲೀಟರ್ ಎಂದಿಟ್ಟುಕೊಂಡರೆ ನಾವು ಹುಡುಕುವುದು ಕೆಲವೇ ಮಿಲಿಲೀಟರುಗಳ ಏರುಪೇರನ್ನು. ಕತ್ತಿ ಒಂದು ಮಿಲಿಮೀಟರ್ ಸರಿದರೆ ಎಷ್ಟು ಏರುಪೇರಾಗುತ್ತದೆ ಎಂದು ನಾನು ಮೊದಲೇ ಲೆಕ್ಕ ಹಾಕಿಕೊಂಡಿದ್ದರೆ ಸಂಜೆಯ ಮಾತು ಕೊಡುತ್ತಲೇ ಇರಲಿಲ್ಲ.

ಮೊದಲ ಕೊಯ್ತ

ಬಿಇಟಿ ಎಂಬ ಪ್ರೋಗ್ರಾಮಿನಿಂದ ತಲೆಬುರುಡೆ, ಚರ್ಮ, ಕಣ್ಣುಗುಡ್ಡೆಗಳನ್ನು ತೆಗೆಸಿ ಮಿದುಳನ್ನು ಮಾತ್ರ ಉಳಿಸಿಕೊಂಡೆ. ಇದು ಆಕ್ಸ್‌ಫರ್ಡ್‌ನಲ್ಲಿ ತಯಾರಾದ ಎಫ್‌ಎಸ್‌ಎಲ್ ಪ್ಯಾಕೇಜಿನ ಭಾಗ. ಇದರಲ್ಲಿ ಒಂದು ಮಿತಿಸಂಖ್ಯೆ ಇದೆ, ತಾನಾಗಿ 0.5 ಇರುತ್ತದೆ, ತಗ್ಗಿಸಿದರೆ ಉಳಿಯುವ ಮಿದುಳು ದೊಡ್ಡದಾಗುತ್ತದೆ, ಏರಿಸಿದರೆ ಕಿರಿದಾಗುತ್ತದೆ. ಎರಡು ಸಲ ತಿದ್ದಿ ಸರಿಮಾಡಿಕೊಂಡೆ. ಆಮೇಲೆ ಎಡ ಬಲ ದಿಕ್ಕಿನ 176 ಸಾಲುಗಳಲ್ಲಿ 0ಯಿಂದ 87 ಒಂದು ಮಾಸ್ಕ್, 88ರಿಂದ 175 ಇನ್ನೊಂದು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಎಣಿಸಿದಾಗ ಬಲ ಗೋಳಾರ್ಧ ಎಡಕ್ಕಿಂತ ಎಷ್ಟೋ ದೊಡ್ಡದು!

ಅಷ್ಟು ದೊಡ್ಡ ವ್ಯತ್ಯಾಸ ಆರೋಗ್ಯವಂತರಲ್ಲಿ ಇರುವುದಿಲ್ಲ. ಕೊರೊನಲ್ ನೋಟಕ್ಕೆ, ಅಂದರೆ ಮುಖಕ್ಕೆ ಎದುರು ನಿಂತು ನೋಡುವ ಸ್ಲೈಸುಗಳಿಗೆ ಬಂದು ಮಾಸ್ಕನ್ನು ಬಣ್ಣ ಹಚ್ಚಿ ನೋಡಿದೆ. ಎಡ ಗೋಳಾರ್ಧದ ಒಳಗೋಡೆಯ ಒಂದು ಪಟ್ಟಿ ಬಲದ ಬಣ್ಣದಲ್ಲಿತ್ತು. ತಪ್ಪು ಎಲ್ಲಿದೆ ಎಂದು ತಿಳಿಯಲು ಬುದ್ಧಿವಂತಿಕೆಯೇನೂ ಬೇಕಿರಲಿಲ್ಲ. 88 ಎಂಬುದು ಚಿತ್ರದ ಪೆಟ್ಟಿಗೆಯ ನಡು, ತಲೆಯ ನಡುವಲ್ಲ. ಮಲಗಿದ್ದವರ ತಲೆ ಪೆಟ್ಟಿಗೆಯಲ್ಲಿ ಸುಮಾರು 3 ಮಿಲಿಮೀಟರ್ ಪಕ್ಕಕ್ಕೆ ಇತ್ತು, ಜೊತೆಗೆ ಮೂಗು ತುಸು ತಿರುಗಿತ್ತು.

ಇಲ್ಲಿ ಒರಟು ಲೆಕ್ಕವೊಂದನ್ನು ಹಾಕಿಬಿಡುತ್ತೇನೆ, ಯಾಕೆಂದರೆ ಇಡೀ ಪ್ರಕರಣ ಇದರ ಸುತ್ತಲೇ ತಿರುಗಿತು. ಮಧ್ಯದ ಕೊಯ್ತದಲ್ಲಿ ಹೆಮ್ಮಿದುಳಿನ ಮುಖ ಸುಮಾರು 100 ಚದರ ಸೆಂಟಿಮೀಟರ್ ಎಂದುಕೊಳ್ಳೋಣ. ಕೊಯ್ಯುವ ತಲ 1 ಮಿಲಿಮೀಟರ್ ಸರಿದರೆ 10 ಮಿಲಿಲೀಟರಿನಷ್ಟು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಒಂದು ಕಡೆ 10 ಕಡಿಮೆ, ಇನ್ನೊಂದು ಕಡೆ 10 ಹೆಚ್ಚು, ವ್ಯತ್ಯಾಸದಲ್ಲಿ 20. ಮೊತ್ತ 1000 ಮಿಲಿಲೀಟರ್ ಆದಾಗ ಅದು ಶೇ 2. ನಡುವಿನ ಸೀಳಿನಲ್ಲಿ ಒಂದಿಷ್ಟು ದ್ರವವೂ ಇರುವುದರಿಂದ ನಿಜದ ಸಂಖ್ಯೆ ಇದಕ್ಕಿಂತ ಕಡಿಮೆ. ಆದರೂ ಒಂದೇ ಒಂದು ವಾಕ್ಸೆಲ್ಲಿನ ಅಲುಗಾಟ ನಾವು ಹುಡುಕುವ ವ್ಯತ್ಯಾಸವನ್ನು ನುಂಗಿಹಾಕುತ್ತದೆ.

ಎಡ ಬಲ ಅದಲುಬದಲಾದ ಎರಡು ದಿನ

ಎರಡನೇ ದಾರಿ ಎಲ್ಲರೂ ಹಿಡಿಯುವಂಥದ್ದು. ತಲೆಯನ್ನು ಮೊದಲು ನೆಟ್ಟಗೆ ಮಾಡುವುದು. 152 ಜನರ ಚಿತ್ರಗಳ ಸರಾಸರಿಯಿಂದ ಮಾಡಿದ ಎಂಎನ್‌ಐ152 ಎಂಬ ಟೆಂಪ್ಲೇಟ್ ಇದೆ. ಅದರಲ್ಲಿ ಮಧ್ಯತಲ ನೇರವಾಗಿ ಎಕ್ಸ್ = 0 ಎಂಬಲ್ಲಿ ಬರುತ್ತದೆ. ನಮ್ಮ ಚಿತ್ರವನ್ನು ಹಿಗ್ಗಿಸದೆ ಕುಗ್ಗಿಸದೆ, ಬರೀ ತಿರುಗಿಸಿ ಸರಿಸಿ ಅದರ ಮೇಲೆ ಕೂರಿಸಿದರೆ ಕೊಯ್ಯುವ ಜಾಗ ತಾನಾಗಿ ಸಿಗುತ್ತದೆ. ಎಫ್‌ಎಸ್‌ಎಲ್‌ನದೇ ಫ್ಲರ್ಟ್ ಎಂಬ ಪ್ರೋಗ್ರಾಮಿನಿಂದ ಕೂರಿಸಿದೆ. ತಿರುಗಿದ ಕೋನ ಸುಮಾರು 2 ಡಿಗ್ರಿ ಎಂದು ತಿಳಿಯಿತು.

1 ಮಿಲಿಮೀಟರಿನ ಈ ಟೆಂಪ್ಲೇಟ್ 182 ಸಾಲು ಅಗಲ. 182ರ ಅರ್ಧ 91 ಎಂದು ಕೊಯ್ದರೆ ಅಲ್ಲೇ ಒಂದು ಸಣ್ಣ ಎಡವಟ್ಟಾಗುತ್ತದೆ. ಎಕ್ಸ್ = 0 ಇರುವುದು 90ನೇ ಸಾಲಿನಲ್ಲಿ, ಎಣಿಕೆ 0ಯಿಂದ ಶುರು. ಅಂದರೆ ಒಂದು ಬದಿಗೆ 90 ಸಾಲು, ಇನ್ನೊಂದು ಬದಿಗೆ 91 ಸಾಲು, ನಡುವೆ ಯಾರಿಗೂ ಸೇರದ ಒಂದು ಸಾಲು. ಆ ಒಂಟಿ ಸಾಲು ಯಾರ ಪಾಲು ಎಂದು ನಿರ್ಧರಿಸದೆ ಕೊಯ್ದರೆ ಅದು ಸುಮ್ಮನೆ ಒಂದು ಕಡೆಗೆ ಹೋಗಿ ಸೇರಿಕೊಳ್ಳುತ್ತದೆ. ಮೇಲಿನ ಲೆಕ್ಕದ ಪ್ರಕಾರ ಅದು ಸಣ್ಣ ದಾನವಲ್ಲ. ನಾನು ಆ ಸಾಲನ್ನು ಹೊರಗಿಟ್ಟೆ.

ಆಮೇಲೆ ಮೊದಲ ಸಲದ ಎಡ ಮಾಸ್ಕನ್ನೂ ಈ ಸಲದ ಎಡ ಮಾಸ್ಕನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ಎರಡೂ ಎದುರುಬದುರು ಕೂತಿದ್ದವು.

ಕಾರಣ ಹುಡುಕಲು ಒಂದು ಪೂರ್ತಿ ಸಂಜೆ ಹೋಯಿತು. ನಾನು ಎರಡೂ ಸಲ "ಚಿಕ್ಕ ಸಂಖ್ಯೆಯ ಸಾಲುಗಳು ಎಡ" ಎಂಬ ಒಂದೇ ನಿಯಮ ಬಳಸಿದ್ದೆ. ಸ್ವಯಂಸೇವಕರ ಚಿತ್ರದ ಹೆಡರ್, ಅಂದರೆ ಫೈಲಿನ ಮೊದಲಲ್ಲಿ ಚಿತ್ರದ ವಿವರ ಬರೆದಿಟ್ಟ ಭಾಗದ ಪ್ರಕಾರ ಅದು ನಿಜ, ಸಾಲುಗಳು ಎಡದಿಂದ ಬಲಕ್ಕೆ ಏರುತ್ತವೆ. ಎಫ್‌ಎಸ್‌ಎಲ್ ಜೊತೆ ಬರುವ ಎಂಎನ್‌ಐ152ರಲ್ಲಿ ಉಲ್ಟಾ, 0ನೇ ಸಾಲು ಬಲತುದಿ, ಅಲ್ಲಿಂದ ಎಡಕ್ಕೆ ಏರುತ್ತದೆ. ಫ್ಲರ್ಟ್ ಕೂರಿಸಿಕೊಟ್ಟ ಚಿತ್ರ ಟೆಂಪ್ಲೇಟಿನ ಸಾಲುಗಳನ್ನೇ ತೊಟ್ಟುಕೊಂಡು ಬರುತ್ತದೆ. ರೇಡಿಯಾಲಜಿಯವರು ರೋಗಿಯ ಕಾಲ ಬಳಿ ನಿಂತು ನೋಡಿದಂತೆ ಚಿತ್ರ ನೋಡುತ್ತಾರೆ, ಪರದೆಯ ಎಡಕ್ಕೆ ರೋಗಿಯ ಬಲ. ನರವಿಜ್ಞಾನದವರಲ್ಲಿ ಹಲವರು ಎಡಕ್ಕೆ ಎಡ ಎಂದು ನೋಡುತ್ತಾರೆ. ಎರಡು ಪದ್ಧತಿಯೂ ಬದುಕಿವೆ. ಸಾಲಿನ ಸಂಖ್ಯೆಯನ್ನು ನಂಬಿದವನು ನಡುವೆ ಸಿಕ್ಕಿಬೀಳುತ್ತಾನೆ.

ಸರಿ, ಹೆಡರ್ ಹೇಳಿದ್ದನ್ನು ನಂಬಿದರೆ ಮೊದಲ ಮಾಸ್ಕಿನ ಹೆಸರು ಸರಿ, ಎರಡನೆಯದು ತಪ್ಪು. ಆದರೆ ಹೆಡರನ್ನು ಯಾಕೆ ನಂಬಬೇಕು? ವಿಚಾರಿಸಿದಾಗ ತಿಳಿದದ್ದು, ಈ ಫೈಲ್ ನನ್ನ ಕೈಗೆ ಬರುವ ಮುನ್ನ ಒಮ್ಮೆ ಅನಲೈಜ್ ಎಂಬ ಹಳೆಯ ಫೈಲ್ ರೂಪಕ್ಕೆ ಹೋಗಿ, ನಿಫ್ಟಿ ಎಂಬ ಹೊಸ ಫೈಲ್ ರೂಪಕ್ಕೆ ಮರಳಿತ್ತು. ಎರಡರ ಹೆಡರೂ 348 ಬೈಟ್ ಉದ್ದದ್ದೇ. ಆದರೆ ಅನಲೈಜ್‌ನಲ್ಲಿ ಎಡ ಬಲವನ್ನು ಖಚಿತವಾಗಿ ಬರೆದಿಡುವ ವ್ಯವಸ್ಥೆ ಇರಲಿಲ್ಲ. ಆ ಗೊಂದಲ ನೀಗಿಸುವುದೂ ನಿಫ್ಟಿ ಹುಟ್ಟಿದ್ದರ ಒಂದು ಕಾರಣ. ಮಧ್ಯೆ ಒಮ್ಮೆ ಕಳೆದುಹೋದ ದಿಕ್ಕನ್ನು ಮರಳಿ ಬಂದ ನಿಫ್ಟಿ ಎಲ್ಲಿಂದ ತಂದಿತು? ಊಹಿಸಿರಬಹುದು. ಚಿತ್ರ ನೋಡುವ ಎಫ್‌ಎಸ್‌ಎಲ್‌ಐಸ್ ಎಂಬ ಪ್ರೋಗ್ರಾಮ್ ಪರದೆಯ ಅಂಚಿನಲ್ಲಿ ತೋರಿಸುವ ಎಡ ಬಲದ ಅಕ್ಷರಗಳೂ ಹೆಡರಿನಿಂದಲೇ ಬರುವವು. ಹೆಡರ್ ಸುಳ್ಳು ಹೇಳಿದರೆ ಅವೂ ಸುಳ್ಳನ್ನೇ ಹೇಳುತ್ತವೆ.

ಮಿದುಳನ್ನೇ ನೋಡಿ ಇದು ಎಡ ಎಂದು ಹೇಳಬಹುದೇ? ಹೊಟ್ಟೆಯ ಚಿತ್ರವಾಗಿದ್ದರೆ ಯಕೃತ್ತು ಹೇಳಿಬಿಡುತ್ತಿತ್ತು. ಮಿದುಳಿನಲ್ಲಿ ಅಂಥ ಸಾಕ್ಷಿಯಿಲ್ಲ. ಇರುವುದು ಸುಳಿವುಗಳು ಮಾತ್ರ, ಅವೂ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ.

ನಮ್ಮನ್ನು ಕಾಪಾಡಿದ್ದು ಒಂದು ವಿಟಮಿನ್ ಇ ಗುಳಿಗೆ. ಚಿತ್ರ ತೆಗೆಯುವಾಗ ತಲೆಯ ಬಲಬದಿಗೆ ಎಣ್ಣೆ ತುಂಬಿದ ಗುಳಿಗೆಯನ್ನು ಅಂಟಿಸುವ ರೂಢಿ ಹಲವು ಕಡೆ ಇದೆ. ಕೊಬ್ಬು ಟಿ1 ಚಿತ್ರದಲ್ಲಿ ಫಳಫಳ ಹೊಳೆಯುತ್ತದೆ, ಹಾಗಾಗಿ ಆ ಚುಕ್ಕೆ ಇರುವ ಕಡೆ ಬಲ ಎಂದು ಅನುಮಾನಕ್ಕೆಡೆಯಿಲ್ಲದೆ ಹೇಳಬಹುದು. ನಮ್ಮ ಸ್ವಯಂಸೇವಕರಿಗೂ ಅಂಟಿಸಿದ್ದರಂತೆ. ಆದರೆ ನನ್ನ ಚಿತ್ರದಲ್ಲಿ ಗುಳಿಗೆ ಇರಲಿಲ್ಲ. ಎಲ್ಲಿ ಹೋಯಿತು? ಬುರುಡೆ ಚರ್ಮಗಳ ಜೊತೆಗೆ ಬಿಇಟಿ ಅದನ್ನೂ ಒರೆಸಿಹಾಕಿತ್ತು. ಬಿಇಟಿಯದು ತಪ್ಪಲ್ಲ, ಅದಕ್ಕೆ ಹೇಳಿದ ಕೆಲಸವೇ ಅದು. ಮೂಲ ಚಿತ್ರವನ್ನು ಮತ್ತೆ ತೆರೆದಾಗ ಕಣತಲೆಯ ಪಕ್ಕ ಚುಕ್ಕೆ ಹೊಳೆಯುತ್ತಿತ್ತು, ಹೆಡರ್ ಬಲ ಎಂದ ಕಡೆಯಲ್ಲೇ. ಹೆಡರ್ ನಿಜ ಹೇಳಿತ್ತು. ಅಂದಿನಿಂದ ಬುರುಡೆ ತೆಗೆಯುವ ಮೊದಲೇ ಗುಳಿಗೆ ಎಷ್ಟನೇ ಸಾಲಿನಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತೇನೆ.

ಸಮ ಬಂದದ್ದೇ ಅನುಮಾನಕ್ಕೆ ಕಾರಣ

ಹೆಸರು ತಿದ್ದಿ, ನೆಟ್ಟಗೆ ಮಾಡಿದ ಚಿತ್ರದಲ್ಲಿ ಎಣಿಸಿದಾಗ ಎಡ ಬಲ ಬಹುತೇಕ ಸಮ ಬಂದವು. ಅಲ್ಲಿಗೆ ಕಳಿಸಿಬಿಡಬಹುದಿತ್ತು. ಮೇಡಂ ಕೂಡ "ಚೆನ್ನಾಗಿದೆಯಲ್ಲ, ಇನ್ನೇನು?" ಎಂದರು. ಆಕ್ಸಿಯಲ್ ನೋಟದಲ್ಲಿ, ಅಂದರೆ ಮೇಲಿನಿಂದ ಕೆಳಗೆ ಪದರ ಪದರವಾಗಿ ನೋಡುತ್ತ ಹೋದಾಗ, ಹಿಂತಲೆಯ ಹತ್ತಿರ ಮಾಸ್ಕಿನ ಅಂಚು ಸೀಳಿನಲ್ಲಿ ಕೂರದೆ ಎಡ ಗೋಳಾರ್ಧದ ತುದಿಯನ್ನು ಕತ್ತರಿಸಿಕೊಂಡು ಹೋಗಿತ್ತು. ಮುಂದುಗಡೆ ಬಲ ಹಣೆಹಾಲೆಯ (ಹಣೆಯ ಹಿಂದಿರುವ ಮಿದುಳಿನ ಭಾಗದ) ಒಂದು ಚೂರು ಎಡದ ಪಾಲಾಗಿತ್ತು.

ತಲೆ ಇನ್ನೂ ತಿರುಗಿದೆಯೇನೋ ಎಂದುಕೊಂಡು ಅರ್ಧ ದಿನ ಕೋನ ತಿದ್ದುವುದರಲ್ಲಿ ಕಳೆದೆ. ಹಿಂದೆ ಸರಿಮಾಡಿದರೆ ನಡುವೆ ಕೆಡುತ್ತಿತ್ತು, ನಡುವೆ ಸರಿಮಾಡಿದರೆ ಹಿಂದೆ. ಆಗ ಹೊಳೆಯಿತು, ಸೀಳೇ ನೇರವಾಗಿಲ್ಲ.

ಇದಕ್ಕೊಂದು ಹೆಸರೂ ಇದೆ, ಯಾಕೊವ್ಲೆವ್ ತಿರುಚು. ಪಾಲ್ ಯಾಕೊವ್ಲೆವ್ ಎಂಬ ನರಶಾಸ್ತ್ರಜ್ಞರ ಹೆಸರಿನದು. ಸಾಮಾನ್ಯವಾಗಿ ಮಿದುಳಿನ ಬಲ ಹಣೆಹಾಲೆ ಎಡದ್ದಕ್ಕಿಂತ ತುಸು ಮುಂದೆ ಚಾಚಿರುತ್ತದೆ, ಎಡ ಹಿಂಹಾಲೆ (ಹಿಂತಲೆಯ ಕಡೆಯ ಭಾಗ) ಬಲದ್ದಕ್ಕಿಂತ ತುಸು ಹಿಂದೆ ಚಾಚಿರುತ್ತದೆ. ಇಡೀ ಮಿದುಳನ್ನು ಯಾರೋ ಮೇಲಿನಿಂದ ಹಿಡಿದು ಮೆಲ್ಲಗೆ ತಿರುಚಿದ ಹಾಗೆ. ಚಾಚಿದ ತುದಿಗಳು ಮಧ್ಯರೇಖೆಯನ್ನು ದಾಟಿ ಆಚೆ ಬದಿಯತ್ತ ಒತ್ತುತ್ತವೆ. ಹಿಂದುಗಡೆ ಸೀಳು ಬಲಕ್ಕೆ ಬಾಗಿರುವುದು ಅದಕ್ಕೇ.

ಈಗ ಇದನ್ನು ಕತ್ತಿಯ ಜೊತೆ ಇಟ್ಟು ನೋಡಿ. ಚಪ್ಪಟೆ ತಲದಿಂದ ಕೊಯ್ದರೆ ರೇಖೆ ದಾಟಿದ ಬಲ ಹಣೆಹಾಲೆಯ ಚೂರು ಎಡಕ್ಕೆ ಎಣಿಕೆಯಾಗುತ್ತದೆ, ದಾಟಿದ ಎಡ ಹಿಂಹಾಲೆಯ ಚೂರು ಬಲಕ್ಕೆ. ಅಂದರೆ ಮಿದುಳಿನಲ್ಲಿ ಇರುವ ಎಡ ಬಲದ ಅಸಮತೆ ಯಾವುದೋ, ಅದನ್ನೇ ಮಾಸ್ಕ್ ಒರೆಸಿಹಾಕುತ್ತದೆ. ಒಟ್ಟು ಲೆಕ್ಕದಲ್ಲಿ ಮಾತ್ರ ಏನೂ ಕಾಣುವುದಿಲ್ಲ, ಮುಂದೆ ಪಡೆದದ್ದನ್ನು ಹಿಂದೆ ಕೊಟ್ಟು ಚುಕ್ತಾ.

ತಲೆ ಬರೀ ತಿರುಗಿದ್ದರೂ ಇದೇ ಚಿತ್ರ. 2 ಡಿಗ್ರಿ ತಿರುಗಿದ್ದನ್ನು ತಿದ್ದದೆ ಬಿಟ್ಟರೆ ನಡುವಿನಿಂದ 80 ಮಿಲಿಮೀಟರ್ ದೂರದ ಹಣೆಯಲ್ಲಿ ತಲ 2.8 ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಆ ತ್ರಿಕೋನದ ವಿಸ್ತೀರ್ಣ ಸುಮಾರು 112 ಚದರ ಮಿಲಿಮೀಟರ್. ಎತ್ತರ 80 ಮಿಲಿಮೀಟರ್ ಹಿಡಿದರೆ ಹತ್ತಿರ ಹತ್ತಿರ 9 ಮಿಲಿಲೀಟರಿನ ಬೆಣೆ. ಮುಂದೆ ಅಂಥದೊಂದು ಈಚೆಗೆ, ಹಿಂದೆ ಅಂಥದೊಂದು ಆಚೆಗೆ. ಮೊತ್ತ ಕೇಳಿದರೆ ಸಮ. ಹಣೆಹಾಲೆ ಮಾತ್ರ ಕೇಳಿದರೆ ಸುಳ್ಳು. ಇನ್ನೊಂದು ಕಿರಿಕಿರಿ ಏನೆಂದರೆ, ತಿರುಗಿದ ತಲೆಯೂ ತಿರುಚಿದ ಮಿದುಳೂ ಸಾಫ್ಟ್‌ವೇರಿಗೆ ಒಂದಕ್ಕೊಂದು ಹೋಲುತ್ತವೆ. ಮಿದುಳನ್ನಷ್ಟೇ ನೋಡಿ ನೆಟ್ಟಗೆ ಮಾಡುವಾಗ ತಿರುಚಿನ ಒಂದು ಪಾಲನ್ನು ಅದು ತಲೆಯ ತಿರುವು ಎಂದೇ ತಿಳಿದು ತಿದ್ದಿಬಿಡಬಹುದು. ಆದ್ದರಿಂದ ಸಮ ಬಂದ ಆ ಸಂಖ್ಯೆಯನ್ನು ನಾನು ಕಳಿಸಲಿಲ್ಲ. ಕೋನ ತಿದ್ದುವ ಆಟವನ್ನೂ ಅಲ್ಲಿಗೇ ಬಿಟ್ಟೆ. ಬೇಕಾದದ್ದು ನೆಟ್ಟಗಿನ ಕತ್ತಿಯಲ್ಲ, ಸೀಳಿನ ಜೊತೆ ಬಾಗುವ ಕತ್ತಿ.

ಬಾಗುವ ಕತ್ತಿ

ಇದಕ್ಕೆ ಎರಡು ದಾರಿ. ಒಂದು, ಟೆಂಪ್ಲೇಟಿನ ಮೇಲೆ ಮೊದಲೇ ಗುರುತಿಸಿಟ್ಟ ಎಡ ಬಲ ಲೇಬಲ್ಲುಗಳನ್ನು ರಬ್ಬರಿನಂತೆ ಎಳೆದು ನಮ್ಮ ಮಿದುಳಿಗೆ ತೊಡಿಸುವುದು. ಹಾರ್ವರ್ಡ್-ಆಕ್ಸ್‌ಫರ್ಡ್ ನಕ್ಷೆಯಲ್ಲಿ ಎಡ, ಬಲ ಹೊರಪದರ ಮತ್ತು ಬಿಳಿ ಭಾಗಗಳ ಲೇಬಲ್ಲುಗಳಿವೆ. ಆದರೆ ಅವು ಸಂಭಾವ್ಯತೆಯ ನಕ್ಷೆಗಳು. ಮಿತಿ ಹಾಕದೆ ತೆಗೆದುಕೊಂಡರೆ ಮಧ್ಯರೇಖೆಯ ವಾಕ್ಸೆಲ್ ಎಡದಲ್ಲೂ ಇರುತ್ತದೆ, ಬಲದಲ್ಲೂ ಇರುತ್ತದೆ. ಮಿತಿ ಹೆಚ್ಚಿಸಿದರೆ ಎರಡರಲ್ಲೂ ಇರುವುದಿಲ್ಲ. ಎರಡನ್ನೂ ಹೋಲಿಸಿ ಹೆಚ್ಚಿನದಕ್ಕೆ ಕೊಡುವುದೇ ಸರಿ. ಇದನ್ನು ಮಾಡಿ ನೋಡಿದೆ, ಚಪ್ಪಟೆ ಕೊಯ್ತಕ್ಕಿಂತ ಎಷ್ಟೋ ಮೇಲು. ಆದರೆ ಸೀಳಿನ ಒಳಗೋಡೆಯಲ್ಲಿ ಮಡಿಕೆಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ, 152 ಜನರ ಸರಾಸರಿ ಅಲ್ಲಿ ಮಂಜಿನಂತೆ ಮಸುಕಾಗಿರುತ್ತದೆ.

ಎರಡನೆಯದು ಫ್ರೀಸರ್ಫರ್ ಎಂಬ ಸಾಫ್ಟ್‌ವೇರ್. ಇದು ಕಾರ್ಪಸ್ ಕಲೋಸಮ್ (ಎರಡು ಗೋಳಾರ್ಧಗಳನ್ನು ಕೂಡಿಸುವ ತಂತುಪಟ್ಟಿ) ಮತ್ತು ಪಾನ್ಸ್ (ಮಿದುಳುಕಾಂಡದ ಒಂದು ಭಾಗ) ಎಂಬ ಎರಡು ಸೇತುಜಾಗಗಳನ್ನು ಹುಡುಕಿ ಅಲ್ಲಿ ಮಾತ್ರ ಕೊಯ್ಯುತ್ತದೆ, ಉಳಿದ ಕಡೆ ಬಿಳಿ ಭಾಗದ ಮೇಲ್ಮೈಯನ್ನೇ ಹಿಂಬಾಲಿಸುತ್ತದೆ. ಕೊಯ್ಯಲೇಬೇಕಾದಲ್ಲಿ ಕೊಯ್ದು, ಸೀಳು ತಾನೇ ಬೇರೆ ಮಾಡಿಟ್ಟಲ್ಲಿ ಸೀಳನ್ನು ನಂಬುವ ಈ ಕ್ರಮ ನನಗೆ ಇಷ್ಟವಾಯಿತು. ರಾತ್ರಿ ಓಡಲು ಬಿಟ್ಟು ಹೋದೆ. ಬಂದ ಫಲಿತಾಂಶ ಒಂದೇ ಲೇಬಲ್ ಚಿತ್ರ: ಎಡ ಬಿಳಿ ಭಾಗ 2, ಎಡ ಹೊರಪದರ 3, ಬಲ ಬಿಳಿ ಭಾಗ 41, ಬಲ ಹೊರಪದರ 42, ಎಡ ಥಲಾಮಸ್ 10, ಬಲ ಥಲಾಮಸ್ 49, ಹೀಗೆ. ಎಡದವನ್ನೆಲ್ಲ ಸೇರಿಸಿ 1, ಬಲದವನ್ನೆಲ್ಲ ಸೇರಿಸಿ 2 ಮಾಡಿಕೊಂಡರೆ ಮಾಸ್ಕ್ ಸಿದ್ಧ.

ಒಂದು ಗುಂಡಿಯಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಫ್ರೀಸರ್ಫರ್ ಚಿತ್ರವನ್ನು 256ರ ಘನಕ್ಕೆ ಒಗ್ಗಿಸಿಕೊಂಡು ಕೆಲಸ ಮಾಡುತ್ತದೆ, ಲೇಬಲ್ಲನ್ನು ಮೂಲ ಚಿತ್ರದ ಜಾಗಕ್ಕೆ ವಾಪಸು ತರಬೇಕು. ಆಗ ಅಕ್ಕಪಕ್ಕದ ಬೆಲೆಗಳ ಸರಾಸರಿ ತೆಗೆಯುವ ಸಾಮಾನ್ಯ ವಿಧಾನ ಬಳಸಿದರೆ, 2 ಮತ್ತು 41ರ ನಡುವೆ ಏನು ಬೇಕಾದರೂ ಹುಟ್ಟಿಕೊಳ್ಳಬಹುದು. 17 ಹುಟ್ಟಿದರೆ ಅದು ನೆನಪಿಗೆ ಸಂಬಂಧಿಸಿದ ಎಡ ಹಿಪೊಕ್ಯಾಂಪಸ್ ಎಂಬ ಭಾಗದ ಸಂಖ್ಯೆ! ನಡುಸೀಳಿನಲ್ಲಿ ಹಿಪೊಕ್ಯಾಂಪಸ್ ಬೆಳೆದುನಿಂತಂತೆ ಕಾಣುತ್ತದೆ. ಲೇಬಲ್ಲುಗಳು ಅಳತೆಗಳಲ್ಲ, ಹೆಸರುಗಳು. ಹೆಸರುಗಳ ಸರಾಸರಿ ತೆಗೆಯಲಾಗದು. ಹತ್ತಿರದ ವಾಕ್ಸೆಲ್ಲಿನ ಬೆಲೆಯನ್ನೇ ಎತ್ತಿಕೊಳ್ಳುವ ವಿಧಾನದಿಂದ ಮರಳಿ ತಂದೆ.

ಎರಡು ಬೇರೆ ಬೇರೆ ಮಾಸ್ಕ್ ಫೈಲುಗಳ ಬದಲು ಒಂದೇ ಲೇಬಲ್ ಫೈಲ್ ಇಟ್ಟುಕೊಂಡದ್ದು ಕೂಡ ಈ ಹಂತದಲ್ಲೇ. ಒಂದೇ ಫೈಲಿನಲ್ಲಿ ಒಂದು ವಾಕ್ಸೆಲ್ಲಿಗೆ ಒಂದೇ ಬೆಲೆ ಇರಲು ಸಾಧ್ಯ. ಎಡದಲ್ಲೂ ಬಲದಲ್ಲೂ ಎರಡು ಸಲ ಎಣಿಕೆಯಾಗುವ ಪ್ರಶ್ನೆಯೇ ಬರುವುದಿಲ್ಲ.

ಯಾರಿಗೂ ಸೇರದವು

ಲೇಬಲ್ ಪಟ್ಟಿಯಲ್ಲಿ ಕೆಲವಕ್ಕೆ ಬದಿಯೇ ಇಲ್ಲ. ಮೂರನೇ ಕುಹರ (ಮಿದುಳಿನೊಳಗಿನ ದ್ರವ ತುಂಬಿದ ಪೊಳ್ಳು) 14, ನಾಲ್ಕನೆಯದು 15, ಮಿದುಳುಕಾಂಡ 16. ಕಾರ್ಪಸ್ ಕಲೋಸಮ್ 251ರಿಂದ 255, ಹಿಂದಿನಿಂದ ಮುಂದಕ್ಕೆ ಐದು ತುಂಡು. ಕಿರುಮಿದುಳಿಗೆ ಎಡ ಬಲ ಲೇಬಲ್ ಇದೆ, ಆದರೆ ಅದು ಹೆಮ್ಮಿದುಳಿನ ಗೋಳಾರ್ಧವಲ್ಲ, ಹಾಗಾಗಿ ತೆಗೆದೆ. ಮಿದುಳುಕಾಂಡವನ್ನೂ ತೆಗೆದೆ, ಅದರ ಬಗ್ಗೆ ಚರ್ಚೆಯಾಗಲಿಲ್ಲ.

ಚರ್ಚೆಯಾದದ್ದು ಕಾರ್ಪಸ್ ಕಲೋಸಮ್ ಬಗ್ಗೆ. ಸುಮಾರು 20 ಕೋಟಿ ನರತಂತುಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾಯುವ ಸೇತುವೆ ಅದು. ಮೇಡಂ "ಮಧ್ಯದಲ್ಲಿ ಕೊಯ್ದು ಅರ್ಧರ್ಧ ಕೊಡಿ" ಎಂದರು. ನಾನು ಒಪ್ಪಲಿಲ್ಲ. ಅಲ್ಲಿ ದ್ರವ ತುಂಬಿದ ಸೀಳಿಲ್ಲ, ಚಿತ್ರದಲ್ಲಿ ಬೆಳ್ಳಗಿನ ಒಂದೇ ಪಟ್ಟೆ. ಎಲ್ಲಿ ಕೊಯ್ದರೂ ಅದು ನಾನು ಹೇಳಿದ ಜಾಗವಾಗುತ್ತದೆಯೇ ಹೊರತು ಚಿತ್ರ ಹೇಳಿದ ಜಾಗವಲ್ಲ. ಶಸ್ತ್ರವೈದ್ಯರು ನಿಜದ ಕತ್ತಿಯಿಂದ ಇದನ್ನು ಕೊಯ್ದದ್ದುಂಟು. ಅಪಸ್ಮಾರ ತಡೆಯಲು ವಿಲಿಯಂ ವ್ಯಾನ್ ವ್ಯಾಗನೆನ್ 1940ರಲ್ಲಿ ಇಂಥ ಶಸ್ತ್ರಚಿಕಿತ್ಸೆಗಳ ವರದಿ ಕೊಟ್ಟರು; ಸೇತುವೆ ಕಡಿದ ಮೇಲೆ ಎರಡು ಅರ್ಧಗಳು ಹೇಗೆ ಬೇರೆ ಬೇರೆ ನಡೆದುಕೊಳ್ಳುತ್ತವೆ ಎಂದು ತೋರಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಕಡಿದ ತಂತುವಿನ ಯಾವ ತುದಿ ಯಾರ ಖಾತೆಗೆ ಎಂದು ಅವರಿಗೆ ಯಾರೂ ಲೆಕ್ಕ ಕೇಳಿರಲಿಕ್ಕಿಲ್ಲ. ನನಗೆ ಅದೇ ಕೆಲಸ.

ಕೊನೆಗೆ ಮೂರನೇ ಲೇಬಲ್ ಮಾಡಿದೆವು. 1 ಎಡ, 2 ಬಲ, 3 ಇಬ್ಬರದೂ. ಕಾರ್ಪಸ್ ಕಲೋಸಮ್, ಮೂರನೇ ಕುಹರ ಎಲ್ಲ 3ಕ್ಕೆ. ಗಾತ್ರದ ಲೆಕ್ಕದಲ್ಲಿ 3 ಸೇರದು. ಅರ್ಧರ್ಧ ಬೇಕು ಎನ್ನುವವರು ಆಮೇಲೆ ಬೇಕಾದರೆ ಹಂಚಿಕೊಳ್ಳಬಹುದು. ನಾನು ಮೊದಲೇ ಹಂಚಿಬಿಟ್ಟರೆ ಮತ್ತೆ ಕೂಡಿಸಲಾಗದು.

ಕೈಕೆಲಸ

ಫ್ರೀಸರ್ಫರ್ ಎಲ್ಲ ಕಡೆ ಸರಿಯಿರಲಿಲ್ಲ. ತಪ್ಪಿದ ಜಾಗಕ್ಕೆ ಅಂಗರಚನೆಯಲ್ಲೇ ಕಾರಣವಿತ್ತು. ಎರಡು ಗೋಳಾರ್ಧಗಳ ನಡುವೆ ಫಾಲ್ಕ್ಸ್ ಎಂಬ ಗಟ್ಟಿ ಪೊರೆ ಕುಡುಗೋಲಿನಂತೆ ಇಳಿಬಿದ್ದಿರುತ್ತದೆ. ಹಿಂದುಗಡೆ ಅದು ಅಗಲ, ಕಾರ್ಪಸ್ ಕಲೋಸಮ್ ಹತ್ತಿರದವರೆಗೂ ಇಳಿಯುತ್ತದೆ. ಮುಂದುಗಡೆ ಕಿರಿದು. ಹಾಗಾಗಿ ಮುಂದೆ, ಪೊರೆಯ ಅಂಚಿನ ಕೆಳಗೆ, ಎಡ ಬಲದ ಸಿಂಗುಲೇಟ್ ಮಡಿಕೆಗಳು ನಡುವೆ ಅಡ್ಡಗೋಡೆಯಿಲ್ಲದೆ ಮೈಗೆ ಮೈ ತಾಗಿ ಕೂತಿರುತ್ತವೆ. ಅಲ್ಲಿ ಸೀಳು ಒಂದು ವಾಕ್ಸೆಲ್ಲಿಗಿಂತ ತೆಳು. ಒಂದೇ ವಾಕ್ಸೆಲ್ಲಿನೊಳಗೆ ಎಡದ ಬೂದು, ನಡುವಿನ ದ್ರವ, ಬಲದ ಬೂದು ಮೂರೂ ಕಲಸಿ ಒಂದು ಮಬ್ಬು ಬೂದಾಗುತ್ತದೆ. ಯಾವ ಸಾಫ್ಟ್‌ವೇರಿಗಾದರೂ ಅಲ್ಲಿ ಗೋಡೆ ಕಾಣುವುದಿಲ್ಲ. ನಮ್ಮ ಚಿತ್ರದಲ್ಲಿ ಬಲ ಸಿಂಗುಲೇಟಿನ ಒಂದು ತುಂಡು ಎಡಕ್ಕೆ ಹೋಗಿತ್ತು. ಹಣೆಯ ತಳದಲ್ಲಿ, ಎರಡು ಬದಿಯ ಮಡಿಕೆಗಳು ಅಂಟಿಕೊಂಡಂತಿರುವ ಕಡೆಯೂ ಹಾಗೇ.

ಐಟಿಕೆ-ಸ್ನ್ಯಾಪ್ ಎಂಬ ಪ್ರೋಗ್ರಾಮಿನಲ್ಲಿ ಕೂತು ಕೈಯಿಂದ ತಿದ್ದಿದೆ. ಕೊರೊನಲ್ ನೋಟದಲ್ಲಿ ಪ್ರತಿ 4ನೇ ಸ್ಲೈಸ್ ತಿದ್ದಿ ನಡುವಿನವನ್ನು ಸಾಫ್ಟ್‌ವೇರಿಗೆ ತುಂಬಲು ಬಿಟ್ಟೆ. ಇದೇ ಸೌಲಭ್ಯ 3ಡಿ ಸ್ಲೈಸರ್‌ನಲ್ಲೂ ಇದೆ. ಒಂದೇ ನೋಟದಲ್ಲಿ ತಿದ್ದುತ್ತ ಹೋದರೆ ಕೈ ಪ್ರತಿ ಸ್ಲೈಸಿನಲ್ಲೂ ಕೂದಲೆಳೆಯಷ್ಟು ಆಚೀಚೆ ಆಗಿ, ಮೇಲಿನಿಂದ ನೋಡಿದಾಗ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಆಕ್ಸಿಯಲ್ ನೋಟಕ್ಕೆ ಬಂದು ಅದನ್ನು ಸಮ ಮಾಡಬೇಕಾಯಿತು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇಡೀ ಪ್ರಕರಣದಲ್ಲಿ ಆ ಮಿದುಳನ್ನು ನಾನು ನಿಜವಾಗಿ ನೋಡಿದ್ದು ಆ ಎರಡು ದಿನಗಳಲ್ಲೇ.

ಆಮೇಲೆ ಪುಡಿಚೂರುಗಳನ್ನು ಹುಡುಕಿದೆ. ಎಡ ಗೋಳಾರ್ಧ ಒಂದೇ ಅಖಂಡ ತುಂಡಾಗಿರಬೇಕು. ಬಲದ ನಡುವೆ ಎಲ್ಲೋ ಎಡದ ಐದಾರು ವಾಕ್ಸೆಲ್ಲುಗಳು ದ್ವೀಪದಂತೆ ನಿಂತಿದ್ದರೆ ಅವು ತಪ್ಪು. ಕೆಲವು ಸಿಕ್ಕವು, ತೆಗೆದೆ.

ನಂಬುವುದು ಹೇಗೆ

ಮಾಸ್ಕ್ ಸರಿಯಿದೆಯೇ ಎಂದು ಹೇಳಲು ಡೈಸ್ ಎಂಬ ಹೋಲಿಕೆಯ ಅಂಕವನ್ನು ಎಲ್ಲರೂ ಕೊಡುತ್ತಾರೆ. 1 ಬಂದರೆ ಎರಡು ಮಾಸ್ಕ್ ಪೂರ್ತಿ ಒಂದೇ. ವಾರ ಬಿಟ್ಟು ಮತ್ತೊಮ್ಮೆ ತಿದ್ದಿ ಹೋಲಿಸಿದಾಗ ನನಗೆ 0.99ಕ್ಕಿಂತ ಮೇಲೆ ಬಂತು. ಖುಷಿಪಡುವ ಮೊದಲು ಲೆಕ್ಕ ಹಾಕಿ ನೋಡಿ: 5 ಲಕ್ಷ ವಾಕ್ಸೆಲ್ಲಿನ ಎರಡು ಮಾಸ್ಕುಗಳಲ್ಲಿ ತಲಾ 5000 ಹೊಂದದಿದ್ದರೂ ಡೈಸ್ 0.99. ಆ 5000 ಎಂದರೆ 5 ಮಿಲಿಲೀಟರ್, ನಾವು ಹುಡುಕುತ್ತಿರುವುದೂ ಅಷ್ಟೇ. ಗೋಳಾರ್ಧದ ಹೊರ ಮೈಯೆಲ್ಲ ಎರಡು ಸಲವೂ ಒಂದೇ ಇರುತ್ತದೆ, ಅದು ಅಂಕವನ್ನು ಉಬ್ಬಿಸುತ್ತದೆ. ಸೀಳಿನ ಎರಡೂ ಬದಿಗೆ 10 ಮಿಲಿಮೀಟರಿನ ಪಟ್ಟಿಯನ್ನಷ್ಟೇ ತೆಗೆದುಕೊಂಡು ಹೋಲಿಸಿದಾಗ ಅಂಕ ಇಳಿಯಿತು, ಅದು ಹೆಚ್ಚು ಪ್ರಾಮಾಣಿಕ.

ನನಗೆ ತೃಪ್ತಿ ಕೊಟ್ಟದ್ದು ಕನ್ನಡಿ ಪರೀಕ್ಷೆ. ಮೂಲ ಚಿತ್ರವನ್ನು ಎಡ ಬಲ ತಿರುಗಿಸಿ, ಯಾವುದು ತಿರುಗಿಸಿದ್ದು ಎಂದು ತಿಳಿಯದಂತೆ ಸಹೋದ್ಯೋಗಿಯೊಬ್ಬರಿಂದ ಹೆಸರು ಬದಲಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೆ ಮಾಡುವುದು. ಕ್ರಮದಲ್ಲಿ ಪಕ್ಷಪಾತವಿಲ್ಲದಿದ್ದರೆ ವ್ಯತ್ಯಾಸದ ಬೆಲೆ ಹಾಗೇ ಉಳಿದು ಚಿಹ್ನೆ ಮಾತ್ರ ಬದಲಾಗಬೇಕು, ಪ್ಲಸ್ ಇದ್ದದ್ದು ಮೈನಸ್ ಆಗುವಂತೆ. ಟೆಂಪ್ಲೇಟೇ ಎಡ ಬಲ ಸಮವಿಲ್ಲದಿದ್ದರೆ, ನನ್ನ ಕೈ ಒಂದು ಕಡೆಗೆ ವಾಲುತ್ತಿದ್ದರೆ, ಇಲ್ಲಿ ಗೊತ್ತಾಗುತ್ತದೆ. ಕಾಯಿಲ್‌ನ (ತಲೆಯ ಸುತ್ತ ಇಟ್ಟು ಸಂಕೇತ ಹಿಡಿಯುವ ಸಾಧನದ) ದೆಸೆಯಿಂದ ಚಿತ್ರದ ಒಂದು ಬದಿ ತುಸು ಹೆಚ್ಚು ಬೆಳಗಿರುವ ದೋಷ ಮಾತ್ರ ಇದರಲ್ಲಿ ಸಿಕ್ಕಿಬೀಳದು. ಚಿತ್ರದ ಜೊತೆ ಬೆಳಕೂ ತಿರುಗುತ್ತದೆ. ಅದಕ್ಕಾಗಿ ಎನ್4 ಎಂಬ ತಿದ್ದುಪಡಿಯನ್ನು ಮೊದಲೇ ಮಾಡಿಕೊಂಡಿದ್ದೆ. ಕನ್ನಡಿಯ ಎರಡು ಬೆಲೆಗಳು ಪೂರ್ತಿ ಹೊಂದಲಿಲ್ಲ. ಚಿಹ್ನೆ ಬದಲಾಯಿತು, ಬೆಲೆಯಲ್ಲಿ ತುಸು ಅಂತರ ಉಳಿಯಿತು. ಆ ಅಂತರವೇ ನನ್ನ ಅಳತೆಕೋಲಿನ ದಪ್ಪ. ಅದಕ್ಕಿಂತ ಸಣ್ಣದನ್ನು ನಾನು ಅಳೆಯಲಾರೆ.

ಇಡೀ ಗೋಳಾರ್ಧಗಳ ವ್ಯತ್ಯಾಸ ಆ ದಪ್ಪದೊಳಗೇ ಬಿತ್ತು. ಹಣೆಹಾಲೆಯಲ್ಲಿ ಬಲ ಹೆಚ್ಚು, ಹಿಂಹಾಲೆಯಲ್ಲಿ ಎಡ ಹೆಚ್ಚು ಎಂಬುದು ಮಾತ್ರ ಅದರಾಚೆ ಸ್ಪಷ್ಟವಾಗಿ ನಿಂತಿತು, ಚಪ್ಪಟೆ ಕೊಯ್ತ ಒರೆಸಿಹಾಕಿದ್ದ ಅದೇ ತಿರುಚು.

ಮೇಡಂಗೆ ಕಳಿಸಿದ್ದು ಒಂದು ಲೇಬಲ್ ಫೈಲ್ ಮತ್ತು ಒಂದು ಪುಟದ ಟಿಪ್ಪಣಿ. ಟಿಪ್ಪಣಿಯಲ್ಲಿ 1, 2, 3 ಏನು, ಗುಳಿಗೆ ಎಷ್ಟನೇ ಸಾಲಿನಲ್ಲಿತ್ತು, ಕೈಯಿಂದ ತಿದ್ದಿದ ಸ್ಲೈಸುಗಳು ಯಾವುವು, ಕನ್ನಡಿ ಪರೀಕ್ಷೆಯ ಎರಡು ಬೆಲೆಗಳು, ಇಷ್ಟು. "ಇಡೀ ಗೋಳಾರ್ಧಕ್ಕೆ ಎಡ ದೊಡ್ಡದೋ ಬಲ ದೊಡ್ಡದೋ ಎಂದು ಈ ಒಂದು ಚಿತ್ರದಿಂದ ಹೇಳಲಾಗದು" ಎಂಬ ಸಾಲನ್ನು ಮೇಲೆಯೇ ಬರೆದಿದ್ದೆ. ಅವರು ಓದಿ, ಮಾರನೇ ದಿನ ಇನ್ನೂ 11 ಚಿತ್ರಗಳನ್ನು ಕಳಿಸಿದರು. ಈ ಸಲ ಯಾವಾಗ ಕೊಡುತ್ತೀರಿ ಎಂದು ಕೇಳಲಿಲ್ಲ. ನಾನು ಮೊದಲು ಹನ್ನೊಂದರಲ್ಲೂ ಗುಳಿಗೆ ಹುಡುಕಿದೆ. ಒಂಬತ್ತರಲ್ಲಿ ಸಿಕ್ಕಿತು.